ಅರ್ಧಕ್ಕೆ ನಿಂತ ಮುಳ್ಳು

ಗಾಡಿ ಕೆಟ್ಟಿರಲಿ ದೇವರೇ ಎಂದು ಬೇಡಿಕೊಂಡ ಮೆಕ್ಯಾನಿಕ್ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ಗಾಡಿ ನಮ್ಮ ಭಾವ ಓಡಿಸುವ ಆಸ್ಪತ್ರೆ ವ್ಯಾನು. ಹೋದ ವಾರ ಎದೆನೋವಿನ ಅಜ್ಜಿಯೊಬ್ಬರನ್ನು ಕರೆದೊಯ್ಯುವಾಗ ಡೀಸೆಲ್ ಖಾಲಿಯಾಗಿ ಸೇತುವೆ ಮೇಲೆ ನಿಂತುಬಿಟ್ಟಿತು. ಬೇರೆ ಗಾಡಿ ಬರುವಷ್ಟರಲ್ಲಿ ಅಜ್ಜಿ ಹೋಗಿಬಿಟ್ಟಿದ್ದರು. ಡೀಸೆಲ್ ಕದ್ದು ಮಾರಿದ್ದಾನೆ ಎಂದರು ಮಾಲೀಕರು. ಡೀಸೆಲ್ ಮೀಟರಿನ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿತ್ತು ಎಂದರು ಭಾವ. ಮೀಟರ್ ಕೆಟ್ಟಿದೆ ಎಂದು ನಾನು ತೋರಿಸಿಕೊಟ್ಟರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಕಳ್ಳ ಎಂಬ ಹೆಸರು ಹೊತ್ತು ಮನೆಗೆ. ಭಾವನಿಗೆ ಕದಿಯುವಷ್ಟು ಚುರುಕಿದ್ದಿದ್ದರೆ ನಮ್ಮಕ್ಕ ಇನ್ನೂ ಸುಖವಾಗಿರುತ್ತಿದ್ದಳು!

ಅಕ್ಕ ಬೆಳಿಗ್ಗೆಯೇ ಗ್ಯಾರೇಜಿಗೆ ಬಂದು, "ಕೆಟ್ಟಿಲ್ದಿದ್ರೆ ನೀನೇ ಕೆಡಿಸಿಬಿಡೋ" ಅಂದಿದ್ದಳು. ಬಾಯಿಗೆ ಬಂದಂತೆ ಬೈದು ಕಳಿಸಿದೆ. ಆ ಯೋಚನೆ ನನಗೂ ಬಂದಿತ್ತು, ಅದಕ್ಕೇ ಅಷ್ಟು ಸಿಟ್ಟು.

ಮೊದಲು ಟ್ಯಾಂಕಿನೊಳಗಿನ ಫ್ಲೋಟ್ ತೆಗೆದೆ. ಡೀಸೆಲ್ ಮೇಲೆ ತೇಲುತ್ತಾ ಎಷ್ಟಿದೆ ಎಂದು ಮುಳ್ಳಿಗೆ ಹೇಳುವುದು ಅದೇ, ಸಾಮಾನ್ಯವಾಗಿ ಕೈಕೊಡುವುದೂ ಅದೇ. ಅಲ್ಲಾಡಿಸಿದೆ, ಒಳಗೆ ಡೀಸೆಲ್ ನುಗ್ಗಿರಲಿಲ್ಲ. ಕರೆಂಟು ಅಳೆಯುವ ಮಲ್ಟಿಮೀಟರ್ ಹಚ್ಚಿ ಫ್ಲೋಟನ್ನು ಮೇಲೆ ಕೆಳಗೆ ಆಡಿಸಿದೆ, ಲೆಕ್ಕ ಎಲ್ಲೂ ತಪ್ಪಲಿಲ್ಲ. ವೈರೂ ಗಟ್ಟಿಯಾಗಿತ್ತು. ಹೊರಗೆ ಹಳೇ ಟೈರಿನ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದ ಭಾವನನ್ನು ನೋಡಿ, ಇವರು ಕದ್ದೇಬಿಟ್ಟರಾ ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ.

ಕೊನೆಗೆ ಫ್ಲೋಟನ್ನು ಹೊರಗಿಟ್ಟುಕೊಂಡೇ ವೈರು ಸೇರಿಸಿ, ಕೀ ತಿರುಗಿಸಿದೆ. ಫ್ಲೋಟ್ ಎತ್ತಿದರೆ ಮುಳ್ಳು ಫುಲ್ಲಿಗೆ ಹೋಯಿತು. ಪೂರ್ತಿ ಇಳಿಸಿದೆ. ಮುಳ್ಳು ಇಳಿದು, ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಮತ್ತೆ ಮಾಡಿದೆ, ಮತ್ತೆ ಅಲ್ಲೇ. ರೋಗ ಟ್ಯಾಂಕಿನಲ್ಲಲ್ಲ, ಡ್ಯಾಶ್‌ಬೋರ್ಡಿನಲ್ಲಿ! ಹೋದ ಜೀವ ಬಂದಂತಾಯಿತು. ತಕ್ಷಣ ಮಾಲೀಕರಿಗೆ ಫೋನ್ ಮಾಡಿದೆ.

ಅವರು ಬಂದು ಬಗ್ಗಿ ನೋಡಿದರು. ಫ್ಲೋಟ್ ತಳದಲ್ಲಿತ್ತು, ಮುಳ್ಳು ಅರ್ಧದಲ್ಲಿತ್ತು. ಭಾವನ ಹೆಗಲ ಮೇಲೆ ಕೈಯಿಟ್ಟರು.

"ಸುಮ್ಸುಮ್ನೆ ಅನುಮಾನ ಪಟ್ಟೆ ಕಣಯ್ಯಾ. ಇದನ್ನ ಸರಿ ಮಾಡಿಸು, ನಾಳೆಯಿಂದ ಬಾ. ಹತ್ತು, ಹತ್ತಿ ಕೂತ್ಕೋ."

ಭಾವ ಕಣ್ಣೊರೆಸಿಕೊಂಡು ಸೀಟಿಗೆ ಹತ್ತಿದರು. ಸ್ಟೇರಿಂಗ್ ಹಿಡಿದರು. ಆಮೇಲೆ, ಅದರ ಕಡೆ ಗಮನವೇ ಇಲ್ಲದವರ ಹಾಗೆ, ಬೆರಳು ಮಡಚಿ ಮೀಟರಿನ ಗಾಜಿಗೆ ಟಕ್ ಟಕ್ ಎಂದು ತಟ್ಟಿದರು. ಮುಳ್ಳು ಸರ್ರನೆ ತಳಕ್ಕೆ ಬಿತ್ತು.

ಭಾವ ತಮ್ಮ ಬೆರಳನ್ನೇ ನೋಡಿಕೊಂಡರು.

"ಮುಳ್ಳು ಸಿಕ್ಕಿಹಾಕ್ಕೊಳ್ಳುತ್ತೆ ಅಂತ ನಿಂಗೆ ಗೊತ್ತಿತ್ತಾ?" ಮಾಲೀಕರು ಮೆಲ್ಲಗೆ ಕೇಳಿದರು.

"ಗೊತ್ತಿತ್ತು ಸಾರ್. ದಿನಾ ತಟ್ಟಿ ನೋಡೇ ಹೊರಡೋದು. ಆವತ್ತು ಅಜ್ಜಿ ನರಳ್ತಿದ್ರು, ಅವಸರದಲ್ಲಿ..."

ಮಾಲೀಕರು ಕೈಚಾಚಿ ಕೀ ಕಿತ್ತುಕೊಂಡರು. "ಕದ್ದಿದ್ರೇ ವಾಸಿಯಾಗಿತ್ತು" ಎಂದು ಹೊರಟುಹೋದರು.

ನನಗೆ ಎಲ್ಲಿತ್ತೋ ಸಿಟ್ಟು. "ವಾರ ವಾರ ಇಲ್ಲಿಗೆ ಬರ್ತಿದ್ರಲ್ಲ ಭಾವ! ನಂಗೊಂದು ಮಾತು ಹೇಳೋಕೆ ಏನಾಗಿತ್ತು?"

ಅವರು ಸೀಟಿನಿಂದ ಇಳಿದಿರಲಿಲ್ಲ.

"ಇಷ್ಟಕ್ಕೆಲ್ಲ ನಿಂಗ್ಯಾಕೆ ತೊಂದ್ರೆ ಕೊಡೋದು ಅಂತ ಸುಮ್ನಿದ್ದೆ ಕಣೋ" ಅಂದರು.