ಎಂಟು ತಿರುಪುಗಳು

ಟೈರ್ ಅಂಗಡಿಯ ಮೇಲಿನ ಕೋಣೆಗೆ ಡ್ರಮ್ ಕಲಿಯಲು ಬಂದವರಿಗೆಲ್ಲ ಮೇಷ್ಟ್ರು ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದರು: "ಕೈ ಆಮೇಲೆ, ಮೊದಲು ಕಿವಿ." ಮಾತು ಒಳ್ಳೆಯದೇ. ಆದರೆ ಹೇಳುವವರ ಕಿವಿಯೇ ಐದು ವರ್ಷದ ಹಿಂದೆ ಕೈಕೊಟ್ಟಿತ್ತು. ಜೋರಾಗಿ ಕೂಗಿದರಷ್ಟೇ ಕೇಳುತ್ತಿತ್ತು; ಎದುರು ನಿಂತು ಮಾತಾಡಿದರೆ ತುಟಿ ನೋಡಿ ನಿಭಾಯಿಸುತ್ತಿದ್ದರು. ನಾದದ ಸಣ್ಣ ಏರಿಳಿತ ಮಾತ್ರ ಅವರ ಪಾಲಿಗೆ ಮುಗಿದ ಕಥೆ. ಇದು ಗೊತ್ತಿದ್ದದ್ದು ಮನೆಯವರಿಗಷ್ಟೇ. ಅದನ್ನು ಮುಚ್ಚಿಡುವ ಕೆಲಸ ಅವರ ತಂಗಿಯ ಮಗಳದು.

ಅವಳನ್ನು ಕ್ಲಾಸಿನವರು ಗುಮ್ಮಿ ಅನ್ನುತ್ತಿದ್ದರು. ಬಾಯಿ ಬಿಟ್ಟು ಎರಡು ಮಾತು ಆಡದ ಗುಮ್ಮನಗುಸುಕಿ ಅಂತ. ಮಾವನ ಕಿವಿ ಹೋದ ವರ್ಷವೇ ಅವಳ ಶಾಲೆಯೂ ಹೋಯಿತು. "ಓದಿ ಯಾವ ರಾಜ್ಯ ಆಳಬೇಕು, ಕ್ಲಾಸಿಗೆ ಬರಲಿ," ಅಂದರು ಮಾವ. ಗಂಡನಿಲ್ಲದೆ ಅಣ್ಣನ ಮನೆಯಲ್ಲಿದ್ದ ಅಮ್ಮ ತಲೆಯಾಡಿಸಿದಳು.

ಅಂದಿನಿಂದ ಬೆಳಿಗ್ಗೆ ಬೀಗ ತೆಗೆಯುವವಳು ಅವಳೇ. ಗುಡಿಸಿ, ಕಿಟಕಿ ತೆರೆದು, ಒಂದೊಂದೇ ಡ್ರಮ್ಮಿನ ಮುಂದೆ ಮಂಡಿಯೂರಿ ಕೂರುತ್ತಿದ್ದಳು. ಪ್ರತಿ ಡ್ರಮ್ಮಿನ ಬಾಯಿಯ ಸುತ್ತ ಎಂಟು ತಿರುಪು. ಎಂಟೂ ಒಂದೇ ಬಿಗಿಯಲ್ಲಿದ್ದರೆ ಹೊದಿಕೆಯ ಮೇಲೆ ಎಲ್ಲಿ ಬಡಿದರೂ ಒಂದೇ ನಾದ. ಯಾವುದೋ ಒಂದು ಅರ್ಧ ಸುತ್ತು ಸಡಿಲವಾದರೂ ಅದರ ಪಕ್ಕದ ನಾದ ಸೋತ ಮುಖ ಹಾಕುತ್ತದೆ. ಅದನ್ನು ಹುಡುಕಿ ಬಿಗಿ ಮಾಡುವುದು ಅವಳಿಗೆ ಹಲ್ಲುಜ್ಜಿದಷ್ಟು ರೂಢಿ.

ಕಿವಿಯ ಪರೀಕ್ಷೆಯೂ ಈ ತಿರುಪುಗಳದ್ದೇ. ಕಲಿಯುವವರು ಗೋಡೆಗೆ ಮುಖ ಮಾಡಿ ಕುರ್ಚಿಯಲ್ಲಿ ಕೂರಬೇಕು. ಗುಮ್ಮಿ ಒಂದು ತಿರುಪು ಸಡಿಲಿಸಿ, ಅವರ ಬೆನ್ನ ಹಿಂದೆ ನಿಂತು ಎಷ್ಟನೆಯದು ಅಂತ ಮಾವನಿಗೆ ಬೆರಳಲ್ಲಿ ತೋರಿಸುವಳು. ಮಾವ ಒಂದರಿಂದ ಎಂಟರವರೆಗೆ ಬಡಿಯುವರು. ಕೂತವರು ಇತ್ತ ತಿರುಗಿ ಉತ್ತರ ಹೇಳಿದಾಗ ಗಂಭೀರವಾಗಿ "ಸರಿ" ಅನ್ನುವರು, ಇಲ್ಲವೇ "ಕಿವಿ ಎಲ್ಲಿಟ್ಟಿದ್ದೀಯ?" ಅನ್ನುವರು. ಆ ಎರಡನೆಯ ಮಾತು ಕೇಳಿದಾಗೆಲ್ಲ ಗುಮ್ಮಿ ನೆಲ ನೋಡುತ್ತಿದ್ದಳು.

ಹೀಗಿರುವಾಗ ದೊಡ್ಡ ರಂಗಮಂದಿರದ ವಾದ್ಯತಂಡದಿಂದ ಸುದ್ದಿ ಬಂತು. ತಂಡದಲ್ಲಿ ಒಂದು ಜಾಗ ಖಾಲಿಯಿದೆ, ಮುಖ್ಯಸ್ಥೆಯೇ ಬಂದು ಕಿವಿ ಪರೀಕ್ಷೆ ನೋಡಿ ಒಬ್ಬರನ್ನು ಆರಿಸುತ್ತಾರೆ ಅಂತ. ಗುಮ್ಮಿ ಮೂರು ದಿನ ಮಾತು ಜೋಡಿಸಿಕೊಂಡು, ಊಟಕ್ಕೆ ಕೂತಾಗ ಕೇಳಿದಳು.

"ಮಾವ, ಪರೀಕ್ಷೆಗೆ ನಾನೂ ಕೂರಲಾ?"

ಮಾವನ ಮಗ ಪಕ್ಕನೆ ನಕ್ಕ. ಕ್ಲಾಸಿನಲ್ಲಿ ಅವನನ್ನು ಬೆನ್ನ ಹಿಂದೆ ಯುವರಾಜ ಅನ್ನುತ್ತಿದ್ದರು.

"ನೀನು ಹೋದ್ರೆ ಇಲ್ಲಿ ಯಾರು?" ಅಂದರು ಮಾವ. "ಇವನು ಕೂರ್ತಾನೆ. ನೀನು ಅವತ್ತು ಹಿಂದೆ ನಿಂತು ಬೆರಳು ಗಿರಳು ಎತ್ತಬೇಡ. ಆ ಹೆಂಗಸು ನೋಡಿಬಿಟ್ಟಾಳು. ನಾನೇ ನೋಡ್ಕೋತೀನಿ."

"ಅನ್ನ ಹಾಕಿದ ಮನೆ ಕಣೇ," ಅಂದಳು ಅಮ್ಮ ಆಮೇಲೆ, ಪಾತ್ರೆ ತೊಳೆಯುತ್ತ.

"ಐದು ವರ್ಷದಿಂದ ನಾನು ದುಡೀತಿಲ್ವಾ ಅಮ್ಮ?"

ಅಮ್ಮ ನಲ್ಲಿ ಜೋರಾಗಿ ತಿರುಗಿಸಿದಳು.

ಪರೀಕ್ಷೆಯ ಹಿಂದಿನ ಸಂಜೆ ಮಾವ ಅವಳನ್ನು ಬೇಗ ಮನೆಗೆ ಕಳಿಸಿ, ಮಗನನ್ನು ಉಳಿಸಿಕೊಂಡರು. ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಬೀಗ ತೆಗೆದಳು, ಗುಡಿಸಿದಳು, ಮಂಡಿಯೂರಿದಳು. ದೊಡ್ಡ ಡ್ರಮ್ಮಿನ ಮೂರನೆಯ ತಿರುಪು ಅರ್ಧ ಸುತ್ತು ಸಡಿಲವಾಗಿತ್ತು. ತಲೆಯಲ್ಲಿ ಮಾವನ ಜೊತೆ ಜಗಳ ನಡೆದೇ ಇತ್ತು. ಕೈ ಮಾತ್ರ ತನ್ನ ಪಾಡಿಗೆ ಅದನ್ನು ಬಿಗಿ ಮಾಡಿ ಮುಂದಿನ ಡ್ರಮ್ಮಿಗೆ ಹೋಯಿತು.

ಹತ್ತು ಗಂಟೆಗೆ ಮುಖ್ಯಸ್ಥೆ ಬಂದರು. ಕತ್ತರಿಸಿದ ಬಿಳಿ ಕೂದಲು, ಮಡಿಲಲ್ಲಿ ಚೀಲ, ಮಾತು ಕಡಿಮೆ. ಕುರ್ಚಿಗೆ ಮೊದಲು ಹೋದವನು ದರ್ಜಿ. ನಲವತ್ತು ದಾಟಿದ ಮೇಲೆ ಡ್ರಮ್ ಹುಚ್ಚು ಹತ್ತಿಸಿಕೊಂಡವನು. ಮಾವ ದೊಡ್ಡ ಡ್ರಮ್ಮಿನ ಎಂಟೂ ಕಡೆ ಬಡಿದರು.

"ಐದು," ಅಂದ ದರ್ಜಿ.

"ಅಲ್ಲ."

"ಹಾಗಾದ್ರೆ ಸಡಿಲ ಇರೋದು ನಂದೇ," ಅಂತ ತಲೆ ಮುಟ್ಟಿಕೊಂಡು ಎದ್ದ.

ಕ್ಲಾಸಿನ ನರ್ಸ್ ಒಬ್ಬಳು ಕೂತು ಏಳನೆಯದು ಅಂದಳು, ಆಮೇಲೆ ಎರಡನೆಯದು ಅಂದಳು. ಅದೂ ಅಲ್ಲ. ಗುಮ್ಮಿಗೆ ಇದೇನು ಅಂತ ತಿಳಿಯಲಿಲ್ಲ. ಅವಳ ಕಿವಿಗೆ ಎಂಟೂ ಸಮ ಕೇಳುತ್ತಿತ್ತು. ಸಡಿಲ ಇದೆ ಅಂತ ಹೇಳಿಸಿಕೊಂಡು ಕೂತವರು ಇಲ್ಲದ್ದನ್ನು ಕೇಳಿಸಿಕೊಳ್ಳುತ್ತಿದ್ದರು.

ಆಮೇಲೆ ಯುವರಾಜ ಕೂತ. ಕಣ್ಣು ಮುಚ್ಚಿದ, ಕತ್ತು ಓರೆ ಮಾಡಿದ, ಮಹಾ ವಿದ್ವಾಂಸನ ಹಾಗೆ ಒಂದು ನಿಮಿಷ ತಡೆದ.

"ಮೂರು."

"ಸರಿ," ಅಂದರು ಮಾವ.

ಆಗ ಗುಮ್ಮಿಗೆ ಎಲ್ಲ ತಿಳಿಯಿತು. ಸಂಜೆ ಯಾಕೆ ಮನೆಗೆ ಕಳಿಸಿದರು, ಬೆಳಿಗ್ಗೆ ಆ ತಿರುಪು ಯಾಕೆ ಹಾಗಿತ್ತು. ಬಡಿಯುವ ಮಾವನಿಗೇ ಕೇಳಿಸದೆ, ನಿನ್ನೆಯ ಮೂರನ್ನು ಇವತ್ತೂ ಮೂರು ಅನ್ನುತ್ತಿದ್ದಾರೆ. ಮುಖ್ಯಸ್ಥೆಯ ಹುಬ್ಬು ಏರಿತ್ತು.

ಸುಮ್ಮನಿದ್ದರೆ ಮನೆಯ ಮಾನ ಉಳಿಯುತ್ತದೆ ಅಂತ ಅವಳಿಗೆ ಗೊತ್ತಿತ್ತು. ಐದು ವರ್ಷ ಅದನ್ನೇ ಮಾಡಿದ್ದಳು. ಹೋಗಿ ಕುರ್ಚಿಯಲ್ಲಿ ಕೂತಳು.

"ಎದ್ದೇಳು. ಮೇಡಂಗೆ ನೀರು ತಾ," ಅಂದರು ಮಾವ.

"ನನಗೆ ಬಾಯಾರಿಲ್ಲ," ಅಂದರು ಮುಖ್ಯಸ್ಥೆ. "ಬಡೀರಿ."

ಮಾವ ಹಲ್ಲು ಕಚ್ಚಿ ಬಡಿದರು.

"ಯಾವುದೂ ಸಡಿಲ ಇಲ್ಲ," ಅಂದಳು ಗುಮ್ಮಿ ಗೋಡೆಗೆ. ಆಮೇಲೆ ಮಾವನಿಗೆ ತುಟಿ ಕಾಣಲಿ ಅಂತ ತಿರುಗಿ ಇನ್ನೊಮ್ಮೆ ಹೇಳಿದಳು. "ಎಂಟೂ ಸಮ."

"ತಪ್ಪು. ಕಿವಿ ಎಲ್ಲಿಟ್ಟಿದ್ದೀಯ? ಮೂರು."

"ನನಗೂ ಎಂಟೂ ಸಮ ಅಂತಲೇ ಕೇಳಿಸ್ತು ಮೇಷ್ಟ್ರೇ," ಅಂದರು ಮುಖ್ಯಸ್ಥೆ.

"ಸಾಧ್ಯವೇ ಇಲ್ಲ. ನಿನ್ನೆ ಸಂಜೆ ನಾನೇ ಕೈಯಾರೆ—"

ಅಲ್ಲಿಗೆ ನಿಂತರು. ದರ್ಜಿ ಯುವರಾಜನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಯುವರಾಜ ತನ್ನ ಚಪ್ಪಲಿ ನೋಡಿಕೊಂಡ.

ಗುಮ್ಮಿ ತಿರುಪಿನ ಕೀಲಿ ತಂದು ಮುಖ್ಯಸ್ಥೆಯ ಕೈಗಿಟ್ಟಳು. "ಬೆಳಿಗ್ಗೆ ಅದನ್ನ ಬಿಗಿ ಮಾಡಿದ್ದು ನಾನೇ. ಅದಕ್ಕೆ ನನ್ನ ಉತ್ತರ ಲೆಕ್ಕಕ್ಕಿಲ್ಲ. ಈಗ ನೀವೇ ತಿರುಗಿಸಿ, ನೀವೇ ಬಡೀರಿ."

ಅವಳು ಮತ್ತೆ ಗೋಡೆ ನೋಡಿ ಕೂತಳು. ಬೆನ್ನ ಹಿಂದೆ ಕೀಲಿ ಕಿರುಗುಟ್ಟಿತು. ಎಂಟು ಪೆಟ್ಟು ಬಿತ್ತು.

"ಆರನೆಯದು ಸಡಿಲ," ಅಂದಳು. ಸ್ವಲ್ಪ ತಡೆದು, "ಎರಡನೆಯದನ್ನ ಜಾಸ್ತಿ ಬಿಗಿ ಮಾಡಿದ್ದೀರ. ಬೇಕಂತಲೇ."

"ಬೇಕಂತಲೇ," ಅಂದರು ಮುಖ್ಯಸ್ಥೆ. ಚೀಲ ಹೆಗಲಿಗೆ ಹಾಕಿಕೊಂಡರು. "ಸೋಮವಾರ ಒಂಬತ್ತಕ್ಕೆ ಬಾ. ತಡ ಮಾಡಿದ್ರೆ ಬಾಗಿಲು ತೆಗೆಯಲ್ಲ."

ಅವರು ಇಳಿದು ಹೋದರು. ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಮೆಟ್ಟಿಲಿಗೆ ನಡೆದರು. ಯುವರಾಜ ಎಲ್ಲರಿಗಿಂತ ಮೊದಲೇ ಜಾಗ ಖಾಲಿ ಮಾಡಿದ್ದ. ಮಾವ ಕಿಟಕಿಯ ಕಡೆ ಮುಖ ಮಾಡಿ ನಿಂತರು.

"ನಾಲ್ಕು ಜನದ ಮುಂದೆ ನನ್ನ ಮುಖಕ್ಕೆ ಮಸಿ ಬಳಿದೆ. ಸೋಮವಾರದಿಂದ ಇವನ್ನೆಲ್ಲ ಶ್ರುತಿ ಮಾಡೋರು ಯಾರು?"

ಗುಮ್ಮಿ ಉತ್ತರ ಕೊಟ್ಟಳು. ಮಾವ ತಿರುಗಲಿಲ್ಲ. ಬೆನ್ನಿಗೆ ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ. ಮೊದಲಾಗಿದ್ದರೆ ಓಡಿಹೋಗಿ ಎದುರು ನಿಂತು, ಮೆಲ್ಲಗೆ ತುಟಿ ಆಡಿಸುತ್ತಿದ್ದಳು, ಹೊರಗಿನವರಿಗೆ ಗುಟ್ಟು ಗೊತ್ತಾಗದಿರಲಿ ಅಂತ. ಇವತ್ತು ಇದ್ದಲ್ಲೇ ನಿಂತು, ಎದೆಯಲ್ಲಿದ್ದ ಉಸಿರೆಲ್ಲ ಹಾಕಿ ಕೂಗಿದಳು.

"ನಿಮಗೆ ಕಿವಿ ಕೇಳಲ್ಲ ಅಂತ ಎಲ್ಲರಿಗೂ ಹೇಳಿಬಿಡಿ ಮಾವ. ಯಾರಾದ್ರೂ ಬಂದು ಮಾಡ್ತಾರೆ. ನನ್ನನ್ನ ಶಾಲೆ ಬಿಡಿಸಿದ್ರಿ. ಒಂದು ದಿನಾನೂ ಆ ಕುರ್ಚಿಯಲ್ಲಿ ಕೂರಿಸಲಿಲ್ಲ. ನನ್ನ ಕಿವಿಯಿಂದಲೇ ಮೇಷ್ಟ್ರಾಗಿ ಉಳಿದು, ನನಗೇ ಕಿವಿ ಎಲ್ಲಿಟ್ಟಿದ್ದೀಯ ಅಂತೀರ."

ಮೆಟ್ಟಿಲ ಮೇಲೆ ಇಳಿಯುತ್ತಿದ್ದ ಹೆಜ್ಜೆಗಳು ಗಕ್ಕನೆ ನಿಂತವು. ಅವಳಿಗೆ ಗೊತ್ತಾಯಿತು. ದನಿ ತಗ್ಗಿಸಲಿಲ್ಲ.

"ಕೇಳಿಸ್ತಾ?"

ಮಾವ ಕಿಟಕಿಯ ಸರಳು ಹಿಡಿದುಕೊಂಡರು, ತಿರುಗಲಿಲ್ಲ.

"ಕೇಳಿಸ್ತು," ಅಂದರು.