ಎರಡೇ ಸೀಟಿನ ಕಾರು

“ಇನ್ನೆಷ್ಟೊತ್ತಲಾ?” ಎಂದು ವೀರಭದ್ರಯ್ಯ ಕಾರಿನ ಬಾಗಿಲಿನಿಂದ ಹೊರಗೆ ಚಾಚಿದ್ದ ಎರಡು ಕಾಲುಗಳನ್ನು ಕೇಳಿದ. “ಬಿಸ್ಲು ನೋಡಿದ್ಯಾ? ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು.”

ಕಾಲುಗಳು ಮೆಕ್ಯಾನಿಕ್ ಮಹಾದೇವಯ್ಯನವು. ತಲೆ, ಕೈ, ಸ್ಪ್ಯಾನರು ಎಲ್ಲ ಡ್ಯಾಶ್‌ಬೋರ್ಡಿನ ಕೆಳಗಿದ್ದವು. “ಏಸಿ ಬಿಚ್ತಾ ಇದೀನಿ ಕಣಣ್ಣ. ನನ್ನ ಸೊಂಟ ಬಿದ್ದೋಗಿದೆ, ನೀನೊಬ್ಬ ತಲೆ ತಿನ್ಬೇಡ.”

ತುಮಕೂರಿನ ತನ್ನದೇ ಗ್ಯಾರೇಜಿನ ಗೋಡೆಗೆ ಒರಗಿ, ಪದ್ಮಾಸನ ಹಾಕಿಸಿಕೊಂಡು, ಹಣೆ ತುಂಬ ವಿಭೂತಿ ಬಳಿಸಿಕೊಂಡು ಮಹಾಲಿಂಗಯ್ಯ ಕೂತಿದ್ದ. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಸತ್ತವನು. ವೀರಭದ್ರಯ್ಯ ಅವನ ಅಣ್ಣ. ತಮ್ಮೂರು ನಿಟ್ಟೂರಿನ ಹೊಲದಲ್ಲಿ ಗುಂಡಿ ತೆಗೆಸಿ, ಲಾರಿ ತಂದು ನಿಲ್ಲಿಸಿದ್ದ. ಆದರೆ ಸತ್ತವನ ಹೆಂಡತಿ ಉಮಾಮಹೇಶ್ವರಿ ಬೆಳಗಿನಿಂದ ಒಂದೇ ಹಟ ಹಿಡಿದಿದ್ದಳು.

“ಅವ್ರು ಅವ್ರ ಕಾರಲ್ಲೇ ಊರಿಗೆ ಹೋಗ್ಲಿ ಭಾವ. ಅದೂ ತಣ್ಣಗೆ.”

“ಕಾರಲ್ಲಿ ಯಾರಾದ್ರೂ ತಗೊಂಡೋಗ್ತಾರೇನಮ್ಮ?”

“ನಮ್ಮೋರು ಕೂತ್ಕೊಂಡೇ ತಾನೆ ಹೋಗೋದು? ಲಾರೀಲಿ ಕೂತ್ರೇನು, ಕಾರಲ್ಲಿ ಕೂತ್ರೇನು?”

ವೀರಭದ್ರಯ್ಯ ಮೈಯೆಲ್ಲ ಉರಿದುಕೊಂಡು ಲಾರಿಯವನಿಗೆ ಕಾಯಲು ಹೇಳಿದ.

*

ಕಾರು ಬಂದದ್ದು ಎಪ್ಪತ್ನಾಲ್ಕರಲ್ಲಿ. ಕುಣಿಗಲ್ ಕಡೆಯ ಒಬ್ಬ ರೇಸ್ ಕುದುರೆ ಸಾಹುಕಾರ, “ಏಸಿ ಸತ್ತಿದೆ, ಇಲ್ಲಿ ಯಾರ ಕೈಲೂ ಆಗಲ್ಲ” ಎಂದು ಬೇಸತ್ತು ಗುಜರಿ ಬೆಲೆಗೆ ಕೊಟ್ಟ ಹಳೇ ವಿಲಾಯತಿ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ನೆಲಕ್ಕೆ ಅಂಟಿಕೊಂಡಂಥ ಮೈ, ಎರಡೇ ಸೀಟು. ಯಾರ ಕೈಲೂ ಆಗಲ್ಲ ಎಂಬ ಆ ಒಂದು ಮಾತು ಮಹಾಲಿಂಗಯ್ಯನ ತಲೆ ಕೆಡಿಸಿತು.

ಮೊದಲ ಸಲ ಅದನ್ನು ನಿಟ್ಟೂರಿಗೆ ಓಡಿಸಿಕೊಂಡು ಹೋದಾಗ ಅವನ ಅಂಗಿ ಬೆವರಲ್ಲಿ ತೊಯ್ದು ತೊಪ್ಪೆಯಾಗಿತ್ತು. ಅಣ್ಣನೇ ನಾಲ್ಕು ಜನರೆದುರು ನಕ್ಕ. “ನೋಡ್ರಲಾ, ನಮ್ ಮಾಲಿಂಗ ಎರಡ್ ಸೀಟಿನ ಒಲೆ ತಂದವ್ನೆ!”

“ತಣ್ಣನೆ ಗಾಳಿ ಬರೋಗಂಟ ಈ ಊರಿಗೆ ಕಾಲಿಡಲ್ಲ,” ಎಂದ ಮಹಾಲಿಂಗಯ್ಯ. “ಬಂದ ದಿನ ಉಮಾನ ಪಕ್ಕದಲ್ಲಿ ಕೂರಿಸ್ಕೊಂಡು ಬರ್ತೀನಿ. ಅಲ್ಲೀಗಂಟ ಅವ್ಳನ್ನೂ ಇದಕ್ಕೆ ಹತ್ತಿಸಲ್ಲ.”

ಕಂಪ್ರೆಸರ್ ಕೈಕೊಟ್ಟಿತು, ಬಿಚ್ಚಿದ. ಪೈಪು ಸೋರಿತು, ಬೆಸೆದ. ಫ್ರಿಜ್ ರಿಪೇರಿಯವನನ್ನು ಕಾಡಿ ಗ್ಯಾಸ್ ತುಂಬಿಸಿದ. ತುಂಬಿಸಿದ್ದು ವಾರದೊಳಗೆ ಮಾಯ. ಹೀಗೇ ವರ್ಷಗಳು ಕಳೆದವು. ಕೊನೆಗೆ ಹೋದ ವರ್ಷ ಎಲ್ಲ ಸರಿಹೋಯಿತು, ಪೈಪು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಆದರೆ ಕಾರಿನೊಳಗೆ ಗಾಳಿಯೇ ಬರಲಿಲ್ಲ. ಫ್ಯಾನಿನ ಮೋಟಾರು ಬದಲಾಯಿಸಿದ. ಊಹೂಂ.

“ಡ್ಯಾಶ್‌ಬೋರ್ಡ್ ಅಡೀಲಿರೋ ಏಸಿ ಪೆಟ್ಟಿಗೆ ಬಿಚ್ಚಿ ನೋಡಾಣ ಕಣೋ,” ಎಂದು ಮಹಾದೇವಯ್ಯ ಹೇಳಿ ಹೇಳಿ ಸಾಕಾಗಿದ್ದ.

“ಅದು ನಾನು ಕೈಯಾರೆ ಕೂರ್ಸಿರೋದು. ಅದ್ರಲ್ಲೇನೂ ಇಲ್ಲ, ಸುಮ್ನಿರು!”

ಪ್ರತಿ ಸಂಜೆ ಎಂಜಿನ್ ಓಡಿಸಿ, ಕಾರಿನಡಿಗೆ ಕೈ ತೂರಿಸಿ ನೆಲ ಸವರುತ್ತಿದ್ದ. “ಏಸಿ ನಿಜವಾಗ್ಲೂ ಕೆಲ್ಸ ಮಾಡಿದ್ರೆ ಇಲ್ಲಿ ನೀರು ತೊಟ್ಟಿಕ್ತದೆ ಉಮಾ. ನೀರು ಬಿತ್ತು ಅಂದ್ರೆ ಗೆದ್ದಂಗೆ.” ಆಮೇಲೆ ಒಣಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಬಂದು, ಸಾರಿಗೆ ಉಪ್ಪಿಲ್ಲವೆಂದು ಹಾರಾಡುತ್ತಿದ್ದ. ಸಾರಿಗೆ ಉಪ್ಪು ಇರುತ್ತಿತ್ತು. ಉಮಾಮಹೇಶ್ವರಿಗೆ ಆ ಕಾರನ್ನು ಕಂಡರೆ ಆಗದು, ಆದರೂ ಒಮ್ಮೆ ಅದರಲ್ಲಿ ಕೂರಬೇಕೆಂಬ ಆಸೆಯೂ ಸಾಯದು.

*

ಪೆಟ್ಟಿಗೆಯ ಮುಚ್ಚಳ ಕಳಚಿತು. ಏನೋ ದೊಪ್ಪನೆ ಉದುರಿ, ಮಹಾದೇವಯ್ಯ ಕೆಮ್ಮುತ್ತ ಹೊರಗೆ ಬಂದ. ಮುಖವೆಲ್ಲ ಬೆಳ್ಳಗಾಗಿತ್ತು. ಅಂಗೈಯಲ್ಲಿ ಬೂದಿಯ ಗಡ್ಡೆ, ಅದರೊಳಗೆ ಒಣಗಿದ ಬಿಲ್ವಪತ್ರೆ.

“ವಿಭೂತಿ! ಯಾವನ್ಲಾ ಇದ್ನ ಇದ್ರೊಳಗೆ ಸುರಿದಿರೋನು? ಗಾಳಿ ಹೋಗೋ ದಾರೀನೂ ಕಟ್ಟೋಗದೆ, ನೀರು ಹೋಗೋ ತೂತೂ ಮುಚ್ಚೋಗದೆ!”

ಉಮಾಮಹೇಶ್ವರಿ ಗೋಡೆ ಹಿಡಿದುಕೊಂಡಳು.

“ನಾನೇ ಕಣಣ್ಣ,” ಎಂದಳು. “ಎಷ್ಟೋ ವರ್ಷದಿಂದ ಸೋಮವಾರ ಸೋಮವಾರ ಮಠದಿಂದ ತಂದು, ಅವ್ರು ಮಲಗಿದ್ದಾಗ ಮುಂದಿನ ಗಾಜಿನ ಕೆಳಗಿರೋ ಜಾಲರಿಯೊಳಗೆ ಹಾಕ್ತಿದ್ದೆ. ಗಾಳಿ ಬರ್ಲಿ ಅಂತ.”

ಮಹಾದೇವಯ್ಯ ಮುಖದ ಬೂದಿ ಒರೆಸಿಕೊಂಡ. “ಬುಡು ತಾಯಿ, ನಿಂಗೇನು ಗೊತ್ತು,” ಎಂದ.

ಅವಳು ಗಂಡನ ಕಡೆ ತಿರುಗಿದಳು. ದುಃಖಕ್ಕಿಂತ ಮೊದಲು ಸಿಟ್ಟೇ ನುಗ್ಗಿ ಬಂತು. “ಒಂದೇ ಒಂದ್ಸಲ ಬಿಚ್ಚಿ ನೋಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ರೀ?” ಎಂದು ಕೂಗಿ, ಅಲ್ಲೇ ಕುಸಿದು ಕೂತು ಅತ್ತಳು. ಅತ್ತು ಮುಗಿದ ಮೇಲೆ ಆ ಬೂದಿಯನ್ನೆಲ್ಲ ಬಳಿದು ಸೆರಗಿನಲ್ಲಿ ಕಟ್ಟಿಕೊಂಡಳು. ಗುಂಡಿಗೆ ಹೇಗೂ ವಿಭೂತಿ ಬೇಕಿತ್ತು.

ಪೆಟ್ಟಿಗೆ ತೊಳೆದು ಕೂರಿಸಿದರು. ಪಕ್ಕದ ಸೀಟು ಕಳಚಿ, ಹಲಗೆ ಹಾಕಿ, ಮಹಾಲಿಂಗಯ್ಯನನ್ನು ಕೂರಿಸಿ ಬಿಗಿದರು. ಮಹಾದೇವಯ್ಯ ಎಂಜಿನ್ ಓಡಿಸಿ ಏಸಿಯ ಗುಂಡಿ ತಿರುಗಿಸಿದ. ಸತ್ತವನ ಹೆಗಲ ಮೇಲಿನ ಶಲ್ಯದ ಅಂಚು ಪಟಪಟನೆ ಬಡಿಯಿತು.

“ಬಂತು ಕಣೋ ಮಾಲಿಂಗ,” ಎಂದ ಮಹಾದೇವಯ್ಯ.

“ನೀನೂ ಕಾರಲ್ಲೇ...” ಎಂದು ತಮ್ಮನ ಹೆಂಡತಿಗೆ ಹೇಳಹೊರಟ ವೀರಭದ್ರಯ್ಯ ಅರ್ಧಕ್ಕೇ ನಿಲ್ಲಿಸಿದ. ಇರುವುದು ಎರಡೇ ಸೀಟು. ಉಮಾಮಹೇಶ್ವರಿ ಒಳಗಿನ ತಂಪು ಹೊರಗೆ ಹೋಗದಂತೆ ಬಾಗಿಲು ಹಾಕಿ, ಹೆಂಗಸರ ಜೊತೆ ಲಾರಿ ಹತ್ತಿದಳು.

ನಿಟ್ಟೂರಿನ ರೈಲ್ವೆ ಗೇಟು ಹಾಕಿತ್ತು. ಮುಂದೆ ಕಾರು, ಹಿಂದೆ ಲಾರಿ. ವೀರಭದ್ರಯ್ಯ ಕ್ಯಾಬಿನಿನಿಂದ ಕತ್ತು ಹೊರಗೆ ಹಾಕಿ ಕಿರುಚಿದ. “ಅಯ್ಯೋ, ನೀರು ಸೋರ್ತಾ ಅದೆ ಕಣ್ರಲಾ! ಈ ದರಿದ್ರದ್ದು ಊರ ಬಾಗ್ಲಲ್ಲೂ ಕೈಕೊಡ್ತು!”

ಉಮಾಮಹೇಶ್ವರಿ ಲಾರಿಯಿಂದ ಇಳಿದಳು. ಕಾದ ಟಾರಿನ ಮೇಲೆ ಬರಿಗಾಲಲ್ಲಿ ನಡೆದು ಹೋಗಿ, ಮಂಡಿಯೂರಿ ಕಾರಿನಡಿಗೆ ಕೈ ಚಾಚಿದಳು. ಅಂಗೈ ಮೇಲೆ ಒಂದು ತೊಟ್ಟು ಬಿತ್ತು, ಇನ್ನೊಂದು ಬಿತ್ತು. ತಣ್ಣಗಿತ್ತು. ರೈಲು ಹೋಯಿತು, ಗೇಟು ತೆರೆಯಿತು, ಹಿಂದಿನ ಬಸ್ಸಿನವನು ಹಾರ್ನ್ ಬಡಿದ. ಅವಳು ಕೈ ತೆಗೆಯಲಿಲ್ಲ.