ಸೋದರಮಾವನಿಗೆ ಕಾಲಂ ಇಲ್ಲ

ನನ್ನ ತಮ್ಮ ಮಧುಕುಮಾರನಿಗೆ ಇಪ್ಪತ್ತಕ್ಕೆ ಎರಡು ಅಂಕ ಬಂದಿತ್ತು. ನಮ್ಮ ಸಮೀಕ್ಷೆಯಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು.

ಅದು ೨೦೦೮. ಬೆಂಗಳೂರಿನ ವೈದ್ಯಕೀಯ ಕಾಲೇಜೊಂದು ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಮೂವತ್ತೈದರೊಳಗಿನವರನ್ನು ಪರೀಕ್ಷಿಸುತ್ತಿತ್ತು. ಮುಂದೆ ಯಾರ ಹೃದಯ ಕೈಕೊಡಬಹುದೆಂದು ಈಗಲೇ ಹೇಳುವುದು ಉದ್ದೇಶ. ಬೀಡಿ ಸಿಗರೇಟು, ಸೊಂಟದ ಸುತ್ತಳತೆ, ಬಿಪಿ, ಮನೆಯವರ ಹೃದಯಾಘಾತ, ಒಂದೊಂದಕ್ಕೂ ಅಂಕ. ಎಂಟು ದಾಟಿದವರಿಗೆ ಮಾತ್ರ ರಕ್ತಪರೀಕ್ಷೆ. ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ಫಾರಂಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಅಂಕಿಗಳ ಜೊತೆ ಇರುವುದು ಸುಲಭವಾಗಿತ್ತು.

"ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಹೃದಯಾಘಾತ?" ಎಂಬಲ್ಲಿ ಮಧು "ಇಲ್ಲ" ಎಂದು ಬರೆದಿದ್ದ. ಸುಳ್ಳಲ್ಲ. ಆದರೂ ನನ್ನ ಬೆರಳು ನಿಂತಿತು. ನನ್ನ ಗಂಡ ರವಿಚಂದ್ರ ಮೂವತ್ತೊಂದಕ್ಕೆ ಹೋದರು. ಅವರು ಅಮ್ಮನ ಕೊನೆಯ ತಮ್ಮ. ನಮ್ಮ ಕಡೆ ಅಕ್ಕನ ಮಗಳನ್ನು ತರುವುದು ವಾಡಿಕೆ, ನನ್ನನ್ನೂ ಹಾಗೇ ತಂದರು. ಮಧುವಿಗೆ ಅವರು ಭಾವನಾಗುವ ಮೊದಲು ಸೋದರಮಾವ. ಫಾರಂನಲ್ಲಿ ಸೋದರಮಾವನಿಗೆ ಕಾಲಂ ಇರಲಿಲ್ಲ.

ಶಿಡ್ಲಘಟ್ಟದ ಬಸ್ಸು ಹತ್ತಿದೆ. ಊರಿನಲ್ಲಿ ಓಬಳಮ್ಮ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ನನ್ನ ಅಜ್ಜಿ ಅವಳು, ಅತ್ತೆಯೂ ಅವಳೇ.

"ಅಜ್ಜಿ, ಈ ಮನೇಲಿ ಚಿಕ್ಕ ವಯಸ್ಸಿಗೇ ಹೋದೋರು ಯಾರ್ಯಾರು?"

"ಥೂ, ದೀಪ ಹಚ್ಚೋ ಹೊತ್ತಲ್ಲಿ ಸತ್ತೋರ ಮಾತು ಯಾಕೇ?"

"ಹೇಳಮ್ಮ, ಬರ್ಕೋತೀನಿ."

"ನಿಮ್ಮ ತಾತ ನಲವತ್ತಕ್ಕೆ. ಅವರಣ್ಣ ಮೂವತ್ತೆಂಟು. ನನ್ನ ಹಿರೇ ಮಗ ಆವಲಪ್ಪ, ಮೂವತ್ತಾರು." ರವಿಯ ಹೆಸರು ಅವಳು ಹೇಳಲಿಲ್ಲ. "ಎಲ್ಲಾರ್ಗೂ ಗ್ಯಾಸೇ ಕಣಮ್ಮ. ಎದೆ ಹಿಡ್ಕೊಂಡ್ರು, ಸೋಡಾ ಕುಡಿಸಿದ್ವಿ, ಹೋದ್ರು."

ರವಿಗೆ ಸೋಡಾ ಕುಡಿಸಿದವಳು ನಾನು.

ಹಾಳೆಯ ಮೇಲೆ ಮನೆಯ ವಂಶವೃಕ್ಷ ಬಿಡಿಸಿದೆ. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ ಬರೆದು, ಹೀಗೆ ಹೋದವರನ್ನು ಕಪ್ಪು ಮಾಡಿದೆ. ಕಪ್ಪು ಚೌಕಗಳೆಲ್ಲ ತಾತನ ಬಳ್ಳಿ ಹಿಡಿದೇ ಇಳಿದಿದ್ದವು. ಗ್ಯಾಸ್ ಹೀಗೆ ಇಳಿಯುವುದಿಲ್ಲ.

ರೇಷ್ಮೆಗೂಡಿನ ಮಾರುಕಟ್ಟೆಯಿಂದ ಮಧು ಬಂದ. "ಏನಕ್ಕ, ಚೌಕಾಬಾರದ ಮನೆ ಬರೀತಿದೀಯಾ?"

"ಇವನಿಗೂ ತಾತನ ಕಾಲೇ ಬಂದೈತೆ," ಎಂದಳು ಅಜ್ಜಿ ಹೆಮ್ಮೆಯಿಂದ. "ಹಿಮ್ಮಡಿ ನರ ನೋಡು, ಹಗ್ಗ ಇದ್ದಂಗೆ. ಈ ಮನೆ ಗಂಡಸ್ರ ಕಾಲಿಗೆ ಶೂ ಹತ್ತಲ್ಲ. ದುಡಿಯೋ ಕಾಲು!"

ನನ್ನ ಮದುವೆಯಲ್ಲಿ ಮದುಮಗನ ಕಾಲು ತೊಳೆಯುವಾಗಲೂ ಅವಳು ಅದನ್ನೇ ಊರಿಗೆಲ್ಲ ತೋರಿಸಿದ್ದಳು. ನಾನು ಕುಕ್ಕರಿಸಿ ಮಧುವಿನ ಕಾಲು ಹಿಡಿದೆ.

"ಏ ಬಿಡೇ, ಕಚಗುಳಿ!"

ಎರಡೂ ಕಾಲಲ್ಲಿ ಹಿಮ್ಮಡಿಯ ನರ ಹೆಬ್ಬೆಟ್ಟಿನಷ್ಟು ದಪ್ಪ, ಗಂಟು ಗಂಟು. ನಮ್ಮ ಸಮೀಕ್ಷೆಯ ಡಾಕ್ಟರ್ ಮಹತಿಯವರಿಗೆ ಫೋನ್ ಮಾಡಿದೆ.

"ಎರಡೂ ಕಾಲಲ್ಲಾ?" ಅವರ ದನಿ ಏರಿತು. "ಶೈಲಜಾ, ಅದು ಕೊಬ್ಬು ಇರಬೇಕು ಕಣ್ರೀ! ಹುಟ್ಟಿದಾಗಿನಿಂದ ರಕ್ತದಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಇರೋರಿಗೆ ಅಲ್ಲಿ ಸೇರ್ಕೊಳ್ಳುತ್ತೆ. ನಾಳೆ ಬರೀ ಹೊಟ್ಟೇಲಿ ಕರ್ಕೊಂಡು ಬನ್ನಿ, ಬಿಡಬೇಡಿ!"

ಮಧು ನಕ್ಕ. "ಎರಡೇ ಅಂಕ ಅಂದ್ಯಲ್ಲಕ್ಕ. ನಲವತ್ತು ಕೆಜಿ ಗೂಡು ಹೊತ್ಕೊಂಡು ಓಡ್ತೀನಿ, ನನಗೇನಾಗೈತೆ?"

"ನಿನ್ನ ಮಾಮ ಹೋಗೋ ಹಿಂದಿನ ದಿನ ಬೋರ್‌ವೆಲ್ ಪೈಪು ಎತ್ತಿದ್ರು."

ಅವನ ನಗು ನಿಂತಿತು. ಬೆಳಿಗ್ಗೆ ನನಗಿಂತ ಮೊದಲೇ ಬೈಕು ಹೊರಗೆ ತಂದು ನಿಲ್ಲಿಸಿದ್ದ.

ಮಧ್ಯಾಹ್ನ ವರದಿ ಬಂತು. ಕೊಲೆಸ್ಟ್ರಾಲ್ ಮುನ್ನೂರ ತೊಂಬತ್ತೆರಡು. ಇನ್ನೂರರೊಳಗಿರಬೇಕಾದದ್ದು. ಮಹತಿ ಇಸಿಜಿ ಪಟ್ಟಿಯನ್ನು ಎರಡು ಸಲ ಓದಿ ಮೇಜು ಗುದ್ದಿದರು. "ಹೃದಯಕ್ಕೆ ಪೆಟ್ಟು ಬಿದ್ದ ಗುರುತಿಲ್ಲ. ಸರಿಯಾದ ಟೈಮಿಗೆ ಬಂದಿದೀಯಪ್ಪ! ಇನ್ನು ದಿನಾ ಮಾತ್ರೆ, ಜೀವನಪೂರ್ತಿ."

"ಜೀವನಪೂರ್ತಿ ಅಂದ್ರೆ ಎಷ್ಟು ವರ್ಷ ಡಾಕ್ಟ್ರೇ?"

"ಮಾತ್ರೆ ನುಂಗು, ಮೊಮ್ಮಕ್ಕಳ ಮದುವೇಗೆ ನನ್ನನ್ನೂ ಕರಿ."

ನನಗೆ ಜೋರಾಗಿ ನಗು ಬಂತು, ಕೈಯಲ್ಲಿದ್ದ ಪೆನ್ನು ಜಾರಿ ಬಿತ್ತು. ಮಹತಿ ಖಾಲಿ ಫಾರಂ ತೆಗೆದು ಅಂಚಿನಲ್ಲಿ ಹೊಸ ಗೆರೆ ಎಳೆದರು: ಸೋದರಮಾವ, ತಾತ. ಆಮೇಲೆ ನಾನು ಬರೆದ ವಂಶವೃಕ್ಷದ ಮೇಲೆ ಬೆರಳಿಟ್ಟರು. "ತಾಯಿಯ ಕಡೆಯಿಂದ ಬಂದಿದೆ. ಹೆಣ್ಣುಮಕ್ಕಳಿಗೂ ಬರುತ್ತೆ, ತಡವಾಗಿ ಕಾಣುತ್ತೆ ಅಷ್ಟೆ. ಮಧು ಪಕ್ಕದ ಸೊನ್ನೆ ಯಾರು?"

"ನಾನು."

"ನಿಮ್ಮ ಫಾರಂ ಎಲ್ಲಿ?"

ಸಾವಿರಾರು ಜನರದ್ದು ಏರಿಸಿದ್ದೆ. ನನ್ನದನ್ನು ತುಂಬಿರಲಿಲ್ಲ. ನಾನೂ ಬೇಗ ಸತ್ತರೆ ಏನು ಹೋಗುತ್ತದೆ ಎಂದುಕೊಂಡಿದ್ದೆನೇನೋ. ಮಧು ಕುರ್ಚಿ ಎಳೆದು ನನ್ನನ್ನು ಕೂರಿಸಿದ. "ನನ್ನ ಎಳ್ಕೊಂಡು ಬಂದ್ಯಲ್ಲ, ಈಗ ನೀನು ಕೈ ಕೊಡೇ!"

ಬಟ್ಟೆಯ ತೋಳು ಮೇಲಕ್ಕೆ ಮಡಚಿ ಕೈ ಚಾಚಿದೆ. ಕೊಳವೆಯಲ್ಲಿ ರಕ್ತ ಏರುತ್ತಿತ್ತು. ಕಿಟಕಿಯ ಹತ್ತಿರ ನಿಂತು ಮಧು ಚಿಂತಾಮಣಿಯಲ್ಲಿದ್ದ ಆವಲಪ್ಪನ ಮಗನಿಗೆ ಫೋನಿನಲ್ಲಿ ಕೂಗುತ್ತಿದ್ದ: "ಲೋ, ಚಪ್ಪಲಿ ಬಿಟ್ಟು ಹಿಮ್ಮಡಿ ಮುಟ್ಟಿ ನೋಡ್ಕೊಳೋ! ನಗಬೇಡ ಕಣೋ. ನಾಳೆ ಕಾಫಿ ಕುಡೀಬೇಡ, ನಾನೂ ಅಕ್ಕನೂ ಬರ್ತಾ ಇದೀವಿ!"